ಚಿತಾಭಸ್ಮ ಬಂದ ದಾರಿ

ಕಳೆದ ಡಿಸೆಂಬರ್‌ನಲ್ಲಿ ನಾವಿಬ್ಬರು ಮಂಗಳೂರಿನಿಂದ ಹೊರಟದ್ದು ಇತಿಹಾಸ ಹುಡುಕುವುದಕ್ಕಲ್ಲ. ತೈವಾನಿನ ಶಿಂಚು ಪಟ್ಟಣದಲ್ಲಿ ನಮ್ಮ ಅಳಿಯ ಚಿಪ್ ತಯಾರಿಸುವ ಕಂಪೆನಿಯೊಂದರಲ್ಲಿ ಇಂಜಿನಿಯರ್. ಮಗಳು ಮತ್ತು ಮೊಮ್ಮಗಳನ್ನು ಕಾಣದೆ ಎರಡು ವರ್ಷ ದಾಟಿತ್ತು. ಅಷ್ಟು ದೂರ ಬರುವವರು ದಾರಿಯಲ್ಲಿ ಹತ್ತು ದಿನ ಜಪಾನ್ ನೋಡಿಕೊಂಡೇ ಬನ್ನಿ ಎಂದು ಟಿಕೆಟ್ ಮಾಡಿಸಿದವಳೂ ಅವಳೇ. ಜಪಾನಿನ ರೈಲುಗಳು ಎಷ್ಟು ಸಮಯಕ್ಕೆ ಸರಿಯಾಗಿ ಬರುತ್ತವೆ, ಬೀದಿಗಳು ಎಷ್ಟು ಚೊಕ್ಕಟ ಎಂಬುದನ್ನೆಲ್ಲ ನಮಗಿಂತ ಮೊದಲು ಹೋಗಿ ಬಂದವರು ಬೇಕಾದಷ್ಟು ಬರೆದಿದ್ದಾರೆ. ಅವೆಲ್ಲವೂ ನಿಜ. ಆದರೆ ಕೋಬೆಯ ಒಂದು ಮಸೀದಿಯಿಂದ ತೊಡಗಿ ತೈಪೆಯ ವಿಮಾನ ನಿಲ್ದಾಣದವರೆಗೆ ನಮ್ಮನ್ನು ಹಿಡಿದೆಳೆದದ್ದು ಬೇರೊಂದು ಕಥೆ. ಅದರಲ್ಲಿ ನಮ್ಮ ದೇಶದ ಜನರೂ ಇದ್ದಾರೆ.

ಕೋಬೆ ಬಂದರು ನಗರ. ಬೆಟ್ಟದ ಬುಡದಲ್ಲಿ ಕಿತಾನೋ ಎಂಬ ಏರು ಬೀದಿಗಳ ಪ್ರದೇಶವಿದೆ. ಒಂದು ಕಾಲದಲ್ಲಿ ವಿದೇಶಿ ವ್ಯಾಪಾರಿಗಳು ನೆಲೆಸಿದ್ದ ಆ ಬೀದಿಗಳಲ್ಲಿ ಚರ್ಚುಗಳಿವೆ, ಗುಜರಾತಿನ ಮುತ್ತಿನ ವ್ಯಾಪಾರಿಗಳ ಪೈಕಿ ಜೈನರು 1985ರಲ್ಲಿ ಕಟ್ಟಿಸಿದ ಅಮೃತಶಿಲೆಯ ಬಸದಿಯಿದೆ, ಮತ್ತು ಜಪಾನಿನ ಮೊತ್ತಮೊದಲ ಮಸೀದಿಯಿದೆ. ಅದು ತೆರೆದದ್ದು 1935ರಲ್ಲಿ. ವಿನ್ಯಾಸ ಮಾಡಿದವರು ಯಾನ್ ಶ್ವಾಗರ್ ಎಂಬ ಝೆಕ್ ಶಿಲ್ಪಿ, ಕಟ್ಟಿದ್ದು ಜಪಾನಿನ ತಾಕೆನಾಕಾ ಸಂಸ್ಥೆ, ಹಣ ಹೊಂದಿಸಿದವರು ಮುಖ್ಯವಾಗಿ ಭಾರತದ ಮುಸ್ಲಿಮ್ ವ್ಯಾಪಾರಿಗಳು ಹಾಗೂ ರಷ್ಯಾದ ಕ್ರಾಂತಿಯ ನಂತರ ಮಂಚೂರಿಯಾ ಮಾರ್ಗವಾಗಿ ಓಡಿ ಬಂದಿದ್ದ ತಾತಾರ್ ನಿರಾಶ್ರಿತರು. ವಂತಿಗೆ ಎತ್ತುವ ಕೆಲಸ 1928ರಲ್ಲೇ ಆರಂಭವಾಗಿತ್ತು.

ಭಾರತೀಯರು ಕೋಬೆಯಲ್ಲಿ ಅಷ್ಟು ಸಂಖ್ಯೆಯಲ್ಲಿ ಸೇರಿದ್ದಕ್ಕೆ ಒಂದು ಭೂಕಂಪ ಕಾರಣ. ಮೊದಲು ಅವರ ಕೇಂದ್ರ ಟೋಕಿಯೊ ಬಳಿಯ ಯೋಕೊಹಾಮಾ ಆಗಿತ್ತು. ಸಿಂಧಿ ವ್ಯಾಪಾರಿಗಳು ಅಲ್ಲಿಂದ ರೇಷ್ಮೆ ರಫ್ತು ಮಾಡುತ್ತಿದ್ದರು. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪ ಆ ನಗರವನ್ನು ನೆಲಸಮ ಮಾಡಿದಾಗ ಅನೇಕರು ಕೋಬೆಗೆ ಬಂದರು. ಯೋಕೊಹಾಮಾದವರು ಅವರನ್ನು ಮರಳಿ ಕರೆಸಿಕೊಳ್ಳಲು ಮನೆ, ಅಂಗಡಿಗಳ ಏರ್ಪಾಡು ಮಾಡಿಕೊಟ್ಟರು. ಹಿಂದೆ ಹೋದವರೂ ಇದ್ದಾರೆ. ಆ ಉಪಕಾರದ ನೆನಪಿಗೆ ಭಾರತೀಯರು 1939ರಲ್ಲಿ ಕಡಲ ತೀರದ ಯಮಾಶಿತಾ ಉದ್ಯಾನದಲ್ಲಿ ಗುಮ್ಮಟವಿರುವ ಪುಟ್ಟ ನೀರಿನ ಮಂಟಪವೊಂದನ್ನು ಕಟ್ಟಿಸಿಕೊಟ್ಟರು. ಅದು ಈಗಲೂ ಇದೆ.

ಕೋಬೆ ಮಸೀದಿಯ ಕಥೆ ಅಷ್ಟು ಸಲೀಸಾಗಿ ಸಾಗಲಿಲ್ಲ. ಯುದ್ಧ ಬಂತು. 1943ರಲ್ಲಿ ಜಪಾನಿನ ನೌಕಾಪಡೆ ಕಟ್ಟಡವನ್ನು ವಶಪಡಿಸಿಕೊಂಡಿತು. 1945ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಅಮೆರಿಕದ ಬಾಂಬರುಗಳು ಮರದ ಮನೆಗಳ ಆ ನಗರವನ್ನು ಸುಟ್ಟು ಬೂದಿ ಮಾಡಿದವು. ಆ ದಿನಗಳ ಒಂದು ಛಾಯಾಚಿತ್ರವಿದೆ: ಸುತ್ತ ಎಲ್ಲವೂ ಬೂದಿ, ನಡುವೆ ಹೊಗೆ ಹಿಡಿದ ಗೋಡೆಗಳೊಂದಿಗೆ ಮಸೀದಿಯೊಂದೇ ನಿಂತಿದೆ. ಆಸುಪಾಸಿನ ಜನ ಅದರ ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದರು. ಮತ್ತೆ 1995ರ ಜನವರಿ 17ರ ಮುಂಜಾನೆ ಕೋಬೆಯಲ್ಲಿ ಭೂಮಿ ಕಂಪಿಸಿ 6 ಸಾವಿರಕ್ಕೂ ಮಿಕ್ಕಿ ಜನ ಸತ್ತಾಗಲೂ ಮಸೀದಿ ಉಳಿಯಿತು. ಇದನ್ನು ಪವಾಡವೆಂದು ವರ್ಣಿಸುವ ಬರಹಗಳನ್ನು ನಾವು ಓದಿದ್ದೇವೆ. ಮರದ ಮನೆಗಳ ನಡುವೆ ಬಲವಾದ ಕಾಂಕ್ರೀಟಿನ ಕಟ್ಟಡ ಉಳಿಯುವುದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಾಹನ ಅನುಗ್ರಹ ಒಳ್ಳೆಯ ಇಂಜಿನಿಯರಿನ ಕೈಯಿಂದಲೂ ಬರಬಹುದಲ್ಲವೇ?

ನಾವು ಹೋದದ್ದು ಶುಕ್ರವಾರ. ಜುಮುಅದ ಹೊತ್ತಿಗೆ ಇಂಡೋನೇಷ್ಯಾದ ವಿದ್ಯಾರ್ಥಿಗಳು, ಪಾಕಿಸ್ತಾನದ ವ್ಯಾಪಾರಿಗಳು, ಮೂರ್ನಾಲ್ಕು ಮಂದಿ ಜಪಾನೀಯರು ಬಂದು ಸೇರಿದರು. ನಮಾಝ್ ಮುಗಿದ ಮೇಲೆ ಎದುರಿನ ಅಂಗಡಿಯಲ್ಲಿ ಬಾಸ್ಮತಿ ಅಕ್ಕಿ, ತೊಗರಿಬೇಳೆ ಕಂಡಾಗ, ನಾಲ್ಕು ದಿನದಿಂದ ಗಂಜಿ-ಉಪ್ಪಿನಕಾಯಿಗೆ ಹಂಬಲಿಸುತ್ತಿದ್ದ ನಮ್ಮ ಮುಖ ಅರಳಿತು ಎನ್ನಬೇಕು.

ಕೋಬೆಯಿಂದ ಒಂದು ದಿನ ದಕ್ಷಿಣಕ್ಕೆ ಕುಶಿಮೊತೊ ಎಂಬ ಊರಿಗೆ ಹೋಗಿ ಬಂದೆವು. 1890ರ ಸೆಪ್ಟೆಂಬರ್ 16ರ ರಾತ್ರಿ ಅಲ್ಲಿನ ಬಂಡೆಗಳಿಗೆ ಬಡಿದು ಉಸ್ಮಾನಿಯಾ ಸಾಮ್ರಾಜ್ಯದ ಯುದ್ಧನೌಕೆ ಅರ್ತುಗ್ರುಲ್ ಒಡೆದುಹೋಯಿತು. ಸುಲ್ತಾನ್ ಎರಡನೆಯ ಅಬ್ದುಲ್ ಹಮೀದ್ ಜಪಾನಿನ ಚಕ್ರವರ್ತಿಗೆ ಉಡುಗೊರೆಗಳೊಂದಿಗೆ ಕಳುಹಿಸಿದ ಹಡಗು ಅದು. ಬರುವ ದಾರಿಯಲ್ಲಿ ಮುಂಬಯಿಯಲ್ಲೂ ಲಂಗರು ಹಾಕಿತ್ತು. 500ಕ್ಕೂ ಹೆಚ್ಚು ನಾವಿಕರು ಸತ್ತರು, 69 ಮಂದಿ ಬದುಕಿದರು. ದೀಪಸ್ತಂಭದ ಬೆಳಕು ಹಿಡಿದು ಬಂಡೆ ಏರಿ ಬಂದ ಅವರನ್ನು ಬಡ ಬೆಸ್ತರು ತಮ್ಮ ಮೈಶಾಖದಿಂದ ಬೆಚ್ಚಗಾಗಿಸಿ, ಕಷ್ಟಕಾಲಕ್ಕೆಂದು ಇಟ್ಟುಕೊಂಡಿದ್ದ ಗೆಣಸು, ಕೋಳಿ ಕೊಟ್ಟು ಉಳಿಸಿದರು. ಜಪಾನಿನ ಎರಡು ಯುದ್ಧನೌಕೆಗಳು ಅವರನ್ನು ಇಸ್ತಾಂಬುಲಿಗೆ ಮುಟ್ಟಿಸಿದವು. 1985ರಲ್ಲಿ ಇರಾನ್-ಇರಾಕ್ ಯುದ್ಧದ ವೇಳೆ ತೆಹರಾನಿನಲ್ಲಿ ಸಿಕ್ಕಿಬಿದ್ದಿದ್ದ 215 ಜಪಾನೀಯರನ್ನು ತುರ್ಕಿ ತನ್ನ ವಿಮಾನಗಳಲ್ಲಿ ಕರೆತಂದಾಗ ಎರಡೂ ದೇಶದವರು ನೆನೆದದ್ದು ಆ ರಾತ್ರಿಯನ್ನೇ.

ಟೋಕಿಯೊ ಮಸೀದಿಯ ಕಥೆಯಲ್ಲಿ ಇಷ್ಟು ಸರಳವಾದ ಒಳ್ಳೆಯತನವಿಲ್ಲ. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು. 1905ರಲ್ಲಿ ಜಪಾನ್ ರಷ್ಯಾವನ್ನು ಸೋಲಿಸಿದಾಗ ಏಷ್ಯಾದುದ್ದಕ್ಕೂ ಒಂದು ರೋಮಾಂಚನ ಹರಿಯಿತು. ಬಿಳಿಯರನ್ನು ಸೋಲಿಸಬಹುದು ಎಂಬುದು ಮೊದಲ ಬಾರಿಗೆ ಕಣ್ಣಿಗೆ ಕಂಡಿತ್ತು. 1909ರಲ್ಲಿ ಭೋಪಾಲದ ಮೌಲವಿ ಬರ್ಕತುಲ್ಲಾ ಟೋಕಿಯೊದ ವಿದೇಶಿ ಭಾಷಾ ಶಾಲೆಯಲ್ಲಿ ಹಿಂದೂಸ್ತಾನಿ ಕಲಿಸಲು ಬಂದರು. ಪಾಠ ಹಗಲಿನ ಕೆಲಸ. ಬ್ರಿಟಿಷರ ವಿರುದ್ಧ ಬರೆಯುವುದು ನಿಜವಾದ ಕೆಲಸ. 'ಇಸ್ಲಾಮಿಕ್ ಫ್ರೆಟರ್ನಿಟಿ' ಎಂಬ ಪತ್ರಿಕೆ ನಡೆಸಿದರು. ಆಗ ಜಪಾನ್ ಬ್ರಿಟನ್ನಿನ ಮಿತ್ರರಾಷ್ಟ್ರ. ಹಾಗಾಗಿ 1912ರಲ್ಲಿ ಪತ್ರಿಕೆ ನಿಂತಿತು, 1914ರಲ್ಲಿ ಕೆಲಸವೂ ಹೋಯಿತು. ಮೌಲವಿಯವರು ಅಮೆರಿಕಕ್ಕೆ ದಾಟಿ ಗದರ್ ಚಳವಳಿ ಸೇರಿದರು; 1915ರಲ್ಲಿ ಕಾಬೂಲಿನಲ್ಲಿ ರಾಜಾ ಮಹೇಂದ್ರ ಪ್ರತಾಪರು ಅಧ್ಯಕ್ಷರಾಗಿ ರಚಿಸಿದ ಸ್ವತಂತ್ರ ಭಾರತದ ತಾತ್ಕಾಲಿಕ ಸರಕಾರಕ್ಕೆ ಪ್ರಧಾನಿಯಾದರು. 1927ರಲ್ಲಿ ತೀರಿಕೊಂಡ ಅವರ ಕಬರ್ ಕ್ಯಾಲಿಫೋರ್ನಿಯಾದಲ್ಲಿದೆ. ಭೋಪಾಲದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಆ ಹೆಸರನ್ನು ಓದಿದ ನೆನಪು ನಮಗಿಲ್ಲ.

ಬ್ರಿಟನ್ನಿನ ಸ್ನೇಹ ಮುರಿದ ಮೇಲೆ ಜಪಾನಿಗೆ ಮುಸ್ಲಿಮರ ಮೇಲೆ ಅಕ್ಕರೆ ಹುಟ್ಟಿತು. ಚೀನಾದಲ್ಲಿ, ಡಚ್ಚರ ಇಂಡೋನೇಷ್ಯಾದಲ್ಲಿ, ಮಲಯಾದಲ್ಲಿ ಮುಸ್ಲಿಮರಿದ್ದರಲ್ಲ! ತಾತಾರ್ ನಿರಾಶ್ರಿತರ ಇಮಾಮರಾಗಿದ್ದ ಅಬ್ದುಲ್ ಹಯ್ಯ್ ಕುರ್ಬಾನ್ ಅಲಿಯವರು ಟೋಕಿಯೊದಲ್ಲಿ ಶಾಲೆ ತೆರೆದರು, ಅರಬಿ ಅಕ್ಷರಗಳ ಮುದ್ರಣಾಲಯ ಹಾಕಿದರು, 1934ರಲ್ಲಿ ಅಲ್ಲೇ ಕುರ್‌ಆನ್ ಮುದ್ರಿಸಿದರು, ಮಸೀದಿಗಾಗಿ ವರ್ಷಗಟ್ಟಲೆ ಓಡಾಡಿದರು. 1938ರ ಮೇ 12ರಂದು ಮಸೀದಿಯ ಉದ್ಘಾಟನೆಯಾದಾಗ ಮುಂಚೂಣಿಯಲ್ಲಿ ನಿಂತವರು ಉಗ್ರ ರಾಷ್ಟ್ರೀಯವಾದಿ ನಾಯಕ ತೊಯಾಮಾ ಮಿತ್ಸುರು. ಕುರ್ಬಾನ್ ಅಲಿಯವರು ಅಲ್ಲಿರಲಿಲ್ಲ. ಕೆಲವೇ ದಿನಗಳ ಹಿಂದೆ ಅವರನ್ನು ಬಂಧಿಸಿ ಮಂಚೂರಿಯಾಕ್ಕೆ ಗಡೀಪಾರು ಮಾಡಲಾಗಿತ್ತು. 1945ರಲ್ಲಿ ಸೋವಿಯತ್ ಸೇನೆಯ ಕೈಗೆ ಸಿಕ್ಕಿ ವರ್ಷಗಟ್ಟಲೆ ಸೆರೆಮನೆಯಲ್ಲಿ ಕಳೆದರು. ತಾನು ಕಟ್ಟಿದ ಮಸೀದಿಯಲ್ಲಿ ಒಂದು ನಮಾಝ್ ಮಾಡುವ ಭಾಗ್ಯವೂ ಅವರಿಗೆ ಸಿಗಲಿಲ್ಲ. ಆ ಕಟ್ಟಡ ಶಿಥಿಲವಾಗಿ 1986ರಲ್ಲಿ ಕೆಡವಲ್ಪಟ್ಟಿತು. ಈಗ ಯೊಯೊಗಿ ಉಯೆಹಾರಾದಲ್ಲಿ ಇರುವುದು ತುರ್ಕಿಯವರು 2000ದಲ್ಲಿ ಕಟ್ಟಿಸಿಕೊಟ್ಟ ಅತಿ ಸುಂದರ ಮಸೀದಿ.

ಟೋಕಿಯೊದಲ್ಲಿ ಕೊನೆಯ ದಿನ ಬೆಳಿಗ್ಗೆ ಸುಗಿನಾಮಿ ಎಂಬ ಪ್ರದೇಶದ ರೆಂಕೋಜಿಗೆ ಹೋದೆವು. ಮನೆಗಳ ನಡುವೆ ಇರುವ ಸಣ್ಣ ಬೌದ್ಧ ದೇವಾಲಯ. ಅಂಗಳದಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಎದೆಮಟ್ಟದ ಪ್ರತಿಮೆ. ಅವರದೆಂದು ಹೇಳಲಾಗುವ ಚಿತಾಭಸ್ಮ 1945ರ ಸೆಪ್ಟೆಂಬರ್‌ನಿಂದ ಇಲ್ಲಿದೆ. ರಾಜೇಂದ್ರ ಪ್ರಸಾದ್, ನೆಹರೂ, ಇಂದಿರಾ ಗಾಂಧಿ, ವಾಜಪೇಯಿ ಇಲ್ಲಿಗೆ ಬಂದು ಹೋಗಿದ್ದಾರೆ. ಅವರು ಬರೆದ ಮಾತುಗಳನ್ನು ಫಲಕಗಳಲ್ಲಿ ಕೆತ್ತಿಸಿ ಇಡಲಾಗಿದೆ. ಇಷ್ಟು ಮಂದಿ ಬಂದರು, ಆದರೆ ಯಾರೂ ಅದನ್ನು ಊರಿಗೆ ಕರೆತರಲಿಲ್ಲ. ನಾವು ಹೋದಾಗ ಒಳಗಿನ ಬಾಗಿಲು ಮುಚ್ಚಿತ್ತು. ಚಳಿಗೆ ಕೈ ಉಜ್ಜಿಕೊಳ್ಳುತ್ತ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆವು. ಅದೇ ದಿನ ಸಂಜೆ ಹನೆದಾ ನಿಲ್ದಾಣದಿಂದ ತೈಪೆಗೆ ಹಾರಿದೆವು. ಇಳಿದದ್ದು ನಗರದ ನಡುವೆಯೇ ಇರುವ ಸೊಂಗ್‌ಶಾನ್ ನಿಲ್ದಾಣದಲ್ಲಿ. ಅಳಿಯ ನಮ್ಮ ಪೆಟ್ಟಿಗೆಗಳನ್ನು ಕಾರಿಗೆ ತುಂಬುವಾಗ ನಮಗೆ ಹೊಳೆಯಿತು, ಆ ಬೂದಿ ಹೊರಟದ್ದು ಇದೇ ನಗರದಿಂದ, ಬೋಸರ ಕೊನೆಯ ವಿಮಾನ ಬಿದ್ದದ್ದು ಇದೇ ನಿಲ್ದಾಣದಲ್ಲಿ.

ಆಗ ಊರಿನ ಹೆಸರು ತೈಹೊಕು, ನಿಲ್ದಾಣದ ಹೆಸರು ಮತ್ಸುಯಾಮಾ. ಅಕ್ಷರಗಳು ಅವೇ, ಜಪಾನೀಯರ ಉಚ್ಚಾರ ಬೇರೆ. 1945ರ ಆಗಸ್ಟ್ 15ರಂದು ಜಪಾನ್ ಶರಣಾಯಿತು. ಆಝಾದ್ ಹಿಂದ್ ಸರಕಾರಕ್ಕೆ ಕಾಲ ಕೆಳಗಿನ ನೆಲವೇ ಇಲ್ಲವಾಯಿತು. ಮಂಚೂರಿಯಾ ತಲುಪಿ ಸೋವಿಯತ್ ರಷ್ಯಾವನ್ನು ಸಂಪರ್ಕಿಸುವುದು ಬೋಸರ ಆಲೋಚನೆಯಾಗಿತ್ತು. 17ರಂದು ಸಂಗಾತಿಗಳೊಂದಿಗೆ ಬ್ಯಾಂಕಾಕಿನಿಂದ ಸೈಗೋನಿಗೆ ಬಂದರು. ಮುಂದೆ ಹೋಗುವ ಬಾಂಬರ್ ವಿಮಾನದಲ್ಲಿ ಜಪಾನೀ ಸೇನಾಧಿಕಾರಿಗಳೇ ತುಂಬಿದ್ದರು. ಬೋಸರಿಗೂ ಇನ್ನೊಬ್ಬರಿಗೂ ಮಾತ್ರ ಜಾಗ. ಎರಡು ವರ್ಷ ಹಿಂದೆ ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ಅವರ ಜೊತೆ ಬಂದಿದ್ದ ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿಯವರೂ ಸೈಗೋನಿನಲ್ಲೇ ಉಳಿಯಬೇಕಾಯಿತು. ಬೋಸರು ಜೊತೆಗೆ ಆರಿಸಿಕೊಂಡದ್ದು ಕರ್ನಲ್ ಹಬೀಬುರ್ ರಹ್ಮಾನ್ ಅವರನ್ನು.

ಇಂದಿನ ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ ರಾತ್ರಿ ತಂಗಿ ಆಗಸ್ಟ್ 18ರ ಮಧ್ಯಾಹ್ನ ತೈಹೊಕು ತಲುಪಿದರು. ಪೆಟ್ರೋಲ್ ತುಂಬಿಸಿಕೊಂಡು ಸುಮಾರು ಎರಡೂವರೆಗೆ ವಿಮಾನ ಮೇಲೆದ್ದಿತು. ಏಳುತ್ತಿದ್ದಂತೆಯೇ ಭಾರೀ ಸದ್ದು, ಎಡಗಡೆಯ ಇಂಜಿನ್ ಕಳಚಿ ಬಿತ್ತು, ವಿಮಾನ ನೆಲಕ್ಕೆ ಬಡಿದು ಎರಡು ತುಂಡಾಗಿ ಹೊತ್ತಿಕೊಂಡಿತು. ಹಿಂದಿನ ಬಾಗಿಲಿಗೆ ಸಾಮಾನುಗಳು ಅಡ್ಡವಾಗಿದ್ದವು. ಮುಂದಿನಿಂದ ಬೆಂಕಿಯೊಳಗೇ ನುಗ್ಗಿ ಹೊರಬರಬೇಕಾಯಿತು. ಪೆಟ್ರೋಲ್ ಚಿಮ್ಮಿ ನೆನೆದಿದ್ದ ಬೋಸರ ಬಟ್ಟೆ ಹೊತ್ತಿ ಉರಿಯಿತು. ಹಬೀಬುರ್ ರಹ್ಮಾನ್ ಬರಿಗೈಯಿಂದ ಆ ಬೆಂಕಿ ಆರಿಸಲು ಹೆಣಗಿ ತಮ್ಮ ಕೈ, ಮುಖ ಸುಟ್ಟುಕೊಂಡರು. ನಾನ್ಮೊನ್ ಎಂಬ ಸೇನಾ ಆಸ್ಪತ್ರೆಗೆ ಒಯ್ದರು. ನಾನ್ಮೊನ್ ಎಂದರೆ ದಕ್ಷಿಣದ ಹೆಬ್ಬಾಗಿಲು. ಹಳೆಯ ಕೋಟೆಯ ಆ ಬಾಗಿಲು ನವೀಕರಣಗೊಂಡು ಈಗಲೂ ತೈಪೆಯ ರಸ್ತೆ ನಡುವೆ ನಿಂತಿದೆ. ಅಂದೇ ರಾತ್ರಿ ಒಂಬತ್ತು-ಹತ್ತರ ನಡುವೆ ಬೋಸ್ ಕೊನೆಯುಸಿರೆಳೆದರು. ಕೊನೆಯವರೆಗೂ ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡಿದೆ ಎಂದು ನಮ್ಮವರಿಗೆ ತಿಳಿಸು ಎಂಬುದು ತನಗೆ ಅವರು ಒಪ್ಪಿಸಿದ ಮಾತು ಎಂದು ಹಬೀಬುರ್ ರಹ್ಮಾನ್ ಹೇಳಿದ್ದಾರೆ. ಎರಡು ದಿನದ ಬಳಿಕ ತೈಹೊಕುವಿನಲ್ಲೇ ದಹನವಾಯಿತು. ಸೆಪ್ಟೆಂಬರ್ ಆರಂಭದಲ್ಲಿ ಬೂದಿಯ ಕರಂಡಕ ಟೋಕಿಯೊ ತಲುಪಿತು.

ಇದನ್ನು ನಂಬದವರು ನಮ್ಮ ದೇಶದಲ್ಲಿ ಬಹಳ. 1956ರಲ್ಲಿ ಶಾ ನವಾಝ್ ಖಾನ್ ಸಮಿತಿ, 1970ರ ದಶಕದಲ್ಲಿ ಖೋಸ್ಲಾ ಆಯೋಗ ವಿಮಾನ ದುರಂತವನ್ನು ಒಪ್ಪಿದವು. ಸಮಿತಿಯಲ್ಲಿದ್ದ ಬೋಸರ ಅಣ್ಣ ಸುರೇಶ್ ಚಂದ್ರ ಬೋಸ್ ಒಪ್ಪಲಿಲ್ಲ. ನ್ಯಾಯಮೂರ್ತಿ ಮುಖರ್ಜಿ ಆಯೋಗ ಅದನ್ನು ತಳ್ಳಿಹಾಕಿತು. 2006ರಲ್ಲಿ ಸರಕಾರ ಆ ವರದಿಯನ್ನೇ ತಳ್ಳಿಹಾಕಿತು. ನಡುವೆ ಸಾಧುಗಳ ಕಥೆ, ಸೈಬೀರಿಯಾದ ಕಥೆ. ಪ್ರೀತಿಯ ನಾಯಕನ ಸಾವನ್ನು ಒಪ್ಪಿಕೊಳ್ಳಲಾಗದ ಸಂಕಟ ನಮಗೂ ಅರ್ಥವಾಗುತ್ತದೆ. ಆದರೆ ಪ್ರತಿ ಕಟ್ಟುಕಥೆಯೂ ಒಬ್ಬ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಸುಟ್ಟ ಕೈಗಳೊಂದಿಗೆ ಹಿಂದಿರುಗಿದ ಹಬೀಬುರ್ ರಹ್ಮಾನ್ ಕಾಶ್ಮೀರದ ಭಿಂಬರ್ ಕಡೆಯವರು. ವಿಭಜನೆಯ ನಂತರ ಪಾಕಿಸ್ತಾನದವರಾದರು. ಸಮಿತಿಯ ಅಧ್ಯಕ್ಷ ಶಾ ನವಾಝ್ ಖಾನ್ ರಾವಲ್ಪಿಂಡಿ ಸಮೀಪದವರು. ಅವರು ಭಾರತವನ್ನು ಆರಿಸಿಕೊಂಡು ಇಲ್ಲಿ ಸಂಸದರೂ ಸಚಿವರೂ ಆದರು. ಒಂದೇ ಸೇನೆಯ ಇಬ್ಬರು ಗೆಳೆಯರು 1956ರಲ್ಲಿ ಎರಡು ದೇಶಗಳ ಪ್ರಜೆಗಳಾಗಿ ಎದುರುಬದುರು ಕುಳಿತು, ತಮ್ಮ ನಾಯಕನ ಸಾವಿನ ಬಗ್ಗೆ ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸಿದ ಆ ಕ್ಷಣದ ಬಗ್ಗೆ ನಾವು ಬಹಳ ಸಲ ಯೋಚಿಸಿದ್ದೇವೆ. ಹಬೀಬುರ್ ರಹ್ಮಾನ್ 1978ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ನಮ್ಮಲ್ಲಿ ಬೀದಿ ಹೋಗಲಿ, ಒಂದು ಒಳ್ಳೆಯ ಮಾತೂ ಅಪರೂಪ. ಬೋಸರ ಮಗಳು ಅನಿತಾ ಬೋಸ್ ಫಾಫ್ ತಂದೆಯ ಅವಶೇಷಗಳನ್ನು ಭಾರತಕ್ಕೆ ತನ್ನಿ, ಬೇಕಾದರೆ ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಬೇಡಿಕೊಂಡಿದ್ದಾರೆ.

ಶಿಂಚುವಿನಲ್ಲಿ ಇಡೀ ದಿನ ಗಾಳಿ ಬೀಸುತ್ತದೆ. ಆ ಗಾಳಿಗೆ ಹಳ್ಳಿಗಳಲ್ಲಿ ಪರ್ಸಿಮನ್ ಹಣ್ಣುಗಳನ್ನು ಬಿದಿರಿನ ತಟ್ಟೆಗಳಲ್ಲಿ ಹರವಿ ಒಣಗಿಸುತ್ತಾರೆ, ನಮ್ಮೂರಿನಲ್ಲಿ ಹಪ್ಪಳ ಒಣಗಿಸಿದ ಹಾಗೆ. ಮಗಳ ಮನೆಯ ಮಾಲಕರ ತಾಯಿಗೆ 92 ವರ್ಷ. ಆ ಅಜ್ಜಿ ಒಣ ಹಣ್ಣಿನ ಪೊಟ್ಟಣ ಹಿಡಿದುಕೊಂಡು ನಮ್ಮನ್ನು ನೋಡಲು ಬಂದರು. ನಾವು ಜಪಾನಿನಿಂದ ಬಂದವರು ಎಂದು ತಿಳಿದದ್ದೇ ತಡ, ಜಪಾನೀ ಭಾಷೆಯಲ್ಲಿ ಮಾತಾಡತೊಡಗಿದರು. ಸೊಸೆ ಅದನ್ನು ಅರ್ಧಂಬರ್ಧ ಚೀನೀ ಭಾಷೆಗೆ ತಂದರು, ಮಗಳು ನಮಗೆ ತಿಳಿಸಿದಳು. ಶಾಲೆಯಲ್ಲಿ ತೈವಾನೀ ಮಾತಾಡಿದರೆ ಶಿಕ್ಷೆ ಇತ್ತಂತೆ. ಅಣ್ಣ ಜಪಾನೀ ಸೇನೆಯ ಜೊತೆ ದಕ್ಷಿಣ ಸಮುದ್ರಕ್ಕೆ ಹೋದವನು ಹಿಂತಿರುಗಲಿಲ್ಲವಂತೆ. ಅಷ್ಟು ಹೇಳಿ ಶಾಲೆಯ ಹಾಡೊಂದನ್ನು ಜಪಾನಿಯಲ್ಲೇ ಗುನುಗಿದರು. "ಉಮ್ಮಾ, ಅವರು ಅಣ್ಣನ ಬಗ್ಗೆ ಹೇಳಿದ್ದು ನಮಗೂ ಇವತ್ತೇ ಗೊತ್ತಾದದ್ದು" ಎಂದಳು ಮಗಳು.

1895ರಲ್ಲಿ ಚೀನಾವನ್ನು ಸೋಲಿಸಿ ಶಿಮೊನೊಸೆಕಿ ಒಪ್ಪಂದದ ಮೂಲಕ ಪಡೆದ ತೈವಾನನ್ನು ಜಪಾನ್ 50 ವರ್ಷ ಆಳಿತು. 1908ರಲ್ಲಿ ಉತ್ತರದ ಕೀಲುಂಗ್‌ನಿಂದ ದಕ್ಷಿಣದವರೆಗೆ ರೈಲು ಬಂತು. ಶಾಲೆ, ಆಸ್ಪತ್ರೆ, ಸಕ್ಕರೆ ಕಾರ್ಖಾನೆಗಳು ಬಂದವು. 1930ರಲ್ಲಿ ವುಶೆಯ ಗುಡ್ಡಗಾಡಿನ ಜನ ಬಂಡೆದ್ದಾಗ ಅವರ ಮೇಲೆ ವಿಮಾನಗಳೂ ಬಂದವು. ಯುದ್ಧದಲ್ಲಿ ಸುಮಾರು 2 ಲಕ್ಷ ತೈವಾನೀಯರು ಜಪಾನಿನ ಸೇನೆಯಲ್ಲಿ ದುಡಿದರು, ಸುಮಾರು 30 ಸಾವಿರ ಮಂದಿ ಸತ್ತರು. ಅಜ್ಜಿಯ ಅಣ್ಣ ಆ ಲೆಕ್ಕದಲ್ಲಿ ಒಬ್ಬ.

ಇಲ್ಲಿಗೆ ಬಂದಾಗ ನಮಗೆ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು. ನಮ್ಮ ಸ್ವಾತಂತ್ರ್ಯಕ್ಕಾಗಿ ಹೊರಟ ವೀರರು ಇಳಿದದ್ದು ಇನ್ನೊಬ್ಬರ ಗುಲಾಮಗಿರಿಯ ನೆಲದಲ್ಲಿ. ಬರ್ಕತುಲ್ಲಾ ಟೋಕಿಯೊದಲ್ಲಿದ್ದಾಗಲೇ, 1910ರಲ್ಲಿ, ಜಪಾನ್ ಕೊರಿಯಾವನ್ನು ನುಂಗಿತು. 1943ರ ಡಿಸೆಂಬರ್ 30ರಂದು ಬೋಸರು ಅಂಡಮಾನಿನಲ್ಲಿ ಧ್ವಜ ಹಾರಿಸಿದರು. ಸರಿಯಾಗಿ ಒಂದು ತಿಂಗಳ ಬಳಿಕ ಅದೇ ದ್ವೀಪದಲ್ಲಿ ಜಪಾನೀ ಸೇನೆ ಬೇಹುಗಾರಿಕೆಯ ಆರೋಪ ಹೊರಿಸಿ 44 ಭಾರತೀಯರನ್ನು ಕೊಂದಿತು. ಇದನ್ನು ಹೇಳಿದರೆ ಬೋಸರನ್ನು ಹೀಗಳೆದಂತಲ್ಲ. ಮುಳುಗುವವನು ಸಿಕ್ಕಿದ ಹಗ್ಗ ಹಿಡಿಯುತ್ತಾನೆ; ಹಗ್ಗದ ಇನ್ನೊಂದು ತುದಿ ಯಾರ ಕೊರಳಲ್ಲಿದೆ ಎಂದು ಅವನಿಗೆ ಕಾಣಿಸದು. ದಡದಲ್ಲಿರುವ ನಮಗಾದರೂ ಕಾಣಿಸಬೇಕು.

ಜಪಾನ್ ಹೋಯಿತು, ಚೀನಾದ ರಾಷ್ಟ್ರೀಯವಾದಿಗಳು ಬಂದರು. 1947ರ ಫೆಬ್ರವರಿ 27ರ ಸಂಜೆ ತೈಪೆಯಲ್ಲಿ ಕಳ್ಳ ಸಿಗರೇಟು ಮಾರುತ್ತಿದ್ದ ವಿಧವೆಯೊಬ್ಬಳನ್ನು ಅಧಿಕಾರಿಗಳು ಹೊಡೆದರು. ಮರುದಿನ ದ್ವೀಪವೇ ದಂಗೆ ಎದ್ದಿತು. ಸೇನೆ ಬಂದು ಸಾವಿರಾರು ಜನರನ್ನು ಕೊಂದಿತು. 1992ರ ಸರಕಾರಿ ಅಧ್ಯಯನವು ಸತ್ತವರನ್ನು 18 ಸಾವಿರದಿಂದ 28 ಸಾವಿರ ಎಂದು ಅಂದಾಜಿಸಿದೆ. ಮಾರ್ಚ್ 17ರಂದು ಚಿಯಾಂಗ್ ಕೈ ಷೇಕ್ ಪರಿಸ್ಥಿತಿ ತಿಳಿಗೊಳಿಸಲು ಕಳುಹಿಸಿದ ರಕ್ಷಣಾ ಸಚಿವ ಬಾಯ್ ಚೊಂಗ್‌ಶಿ ಮುಸ್ಲಿಮ್. ಮನಬಂದಂತೆ ಕೊಲ್ಲುವುದನ್ನು ನಿಲ್ಲಿಸಿ, ವಿಚಾರಣೆ ಬಹಿರಂಗವಾಗಿ ನಡೆಸಿ ಎಂದು ಅವರು ಆಜ್ಞೆ ಹೊರಡಿಸಿದರು. ಅದರಿಂದ ಎಷ್ಟೋ ಜೀವ ಉಳಿಯಿತು ಎನ್ನುವವರಿದ್ದಾರೆ. ಅಷ್ಟರಲ್ಲಿ ಮುಖ್ಯ ಕೊಲೆಗಳು ಮುಗಿದಿದ್ದವು ಎನ್ನುವವರೂ ಇದ್ದಾರೆ. ಎರಡರಲ್ಲೂ ನಿಜವಿದೆ. 1949ರ ನಂತರ ತೈವಾನಿನಲ್ಲೇ ನೆಲೆಸಿದ ಈ ಸೇನಾನಿಯನ್ನು ಚಿಯಾಂಗ್ ಸರಕಾರ ಸಾಯುವ ತನಕ ಬೇಹುಗಾರರ ಕಣ್ಗಾವಲಿನಲ್ಲಿಟ್ಟಿತು. 1966ರಲ್ಲಿ ತೀರಿಕೊಂಡ ಅವರ ಕಬರ್ ತೈಪೆಯ ಮುಸ್ಲಿಮ್ ದಫನ ಭೂಮಿಯಲ್ಲಿದೆ. ಅವರ ಮಗ ಪಾಯ್ ಶಿಯೆನ್‌ಯುಂಗ್ ಚೀನೀ ಭಾಷೆಯ ಪ್ರಸಿದ್ಧ ಕತೆಗಾರ.

ಬಾಯ್ ಅವರ ಕಾಲದಲ್ಲಿ ಚೀನಾದಿಂದ ಬಂದ ಹುಯಿ ಮುಸ್ಲಿಮರು ತೈಪೆಯಲ್ಲಿ ಮೊದಲು ನಮಾಝ್ ಮಾಡಿದ್ದು ಜಪಾನೀಯರು ಬಿಟ್ಟುಹೋದ ಮಾದರಿಯ ಒಂದು ಮನೆಯಲ್ಲಿ. ದೊಡ್ಡ ಮಸೀದಿ ಎದ್ದದ್ದು 1960ರಲ್ಲಿ. ಅಲ್ಲಿ ನಾವು ಕಂಡ ಜುಮುಅದ ಸಾಲುಗಳಲ್ಲಿ ಹುಯಿ ಹಿರಿಯರು ಕೆಲವೇ ಮಂದಿ. ಉಳಿದವರು ಬಹುತೇಕ ಇಂಡೋನೇಷ್ಯಾದಿಂದ ಕಾರ್ಖಾನೆ, ಮೀನುಗಾರಿಕೆ, ಮನೆಗೆಲಸಕ್ಕೆ ಬಂದವರು. ಅಂಥವರು ತೈವಾನಿನಲ್ಲಿ 2 ಲಕ್ಷಕ್ಕೂ ಮಿಕ್ಕಿ ಇದ್ದಾರೆ. ತೈವಾನಿನಲ್ಲಿ ಇಸ್ಲಾಮಿನ ಹೆಜ್ಜೆ ಇನ್ನೂ ಹಳೆಯದು. 17ನೆಯ ಶತಮಾನದಲ್ಲಿ ಚೀನಾದ ಚ್ವಾನ್‌ಚೌ ಬಂದರಿನಿಂದ ಲುಕಾಂಗ್ ಕಡೆಗೆ ಬಂದ ಕುವೊ ಮನೆತನದವರು ಕಾಲಕ್ರಮೇಣ ನಮಾಝ್, ಕಲಿಮ ಎಲ್ಲವನ್ನೂ ಮರೆತರು. ಆದರೆ ಹಿರಿಯರಿಗೆ ಎಡೆ ಇಡುವಾಗ ಹಂದಿಮಾಂಸ ಇಡುವುದಿಲ್ಲ. ಯಾಕೆಂದು ಕೇಳಿದರೆ, ಅವರು ತಿನ್ನುತ್ತಿರಲಿಲ್ಲ ಎನ್ನುತ್ತಾರಂತೆ.

ಹಿಂದಿರುಗುವ ದಿನ ಮತ್ತೆ ಸೊಂಗ್‌ಶಾನ್. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಮೇಲಿನ ಮಹಡಿಯ ವೀಕ್ಷಣಾ ಅಂಗಳದಲ್ಲಿ ಮೊಮ್ಮಗಳು ಕಂಬಿ ಹಿಡಿದು ವಿಮಾನ ಎಣಿಸುತ್ತಿದ್ದಳು. ನಿಲ್ದಾಣದಲ್ಲಿ ಎಲ್ಲಿಯಾದರೂ ಒಂದು ಫಲಕವಿದೆಯೇ ಎಂದು ಅಳಿಯ ವಿಚಾರಿಸಿದರು. ಮಾಹಿತಿ ಕೌಂಟರಿನ ಹುಡುಗಿ ಆ ಹೆಸರನ್ನೇ ಕೇಳಿರಲಿಲ್ಲ. ಕಾಗದದಲ್ಲಿ ಬರೆದುಕೊಡಿ ಎಂದಳು. ಬರೆದು ಕೊಟ್ಟೆವು. ಬೋಸರ ಹೆಸರಿನ ಕೆಳಗೆ ಹಬೀಬುರ್ ರಹ್ಮಾನ್ ಎಂಬ ಹೆಸರನ್ನೂ ಬರೆದೆವು.